ಎತ್ತರದಿಂದ ಕಂಡ ಚುಕ್ಕೆಗಳು

ಪತ್ತೇದಾರಿ ಕಥೆಗೆ ಸಾಹಿತ್ಯದ ಪಂಕ್ತಿಯಲ್ಲಿ ಕೊನೆಯ ಎಲೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಉಳಿದುಬಂದಿದೆ. ರೈಲಿನಲ್ಲಿ ಓದಿ, ಇಳಿಯುವ ನಿಲ್ದಾಣದಲ್ಲಿ ಬಿಟ್ಟುಹೋಗುವ ಪುಸ್ತಕ ಅದು. ಕೊಂದವನು ಯಾರೆಂದು ತಿಳಿದಮೇಲೆ ಅದರಲ್ಲಿ ಉಳಿಯುವುದಾದರೂ ಏನು? ಕಾವ್ಯವಾದರೋ ಕಥೆ ಗೊತ್ತಿದ್ದವನಿಗೇ ಹೆಚ್ಚು ರುಚಿಸುತ್ತದೆ. ರಾಮನು ಕಾಡಿಗೆ ಹೋಗುವನೆಂಬುದನ್ನು ತಿಳಿಯದೆ ನಮ್ಮಲ್ಲಿ ಯಾರೂ ರಾಮಾಯಣವನ್ನು ಕೈಗೆತ್ತಿಕೊಳ್ಳುವುದಿಲ್ಲ. ಈ ಎರಡು ಜಾತಿಗಳ ನಡುವಣ ಗೆರೆಯನ್ನು ಅಳಿಸಬಲ್ಲ ಕೃತಿಗಳು ವಿರಳ. ಅಂಥವುಗಳಲ್ಲಿ ಒಂದು, ೧೯೪೯ರಲ್ಲಿ ತೆರೆಗೆ ಬಂದ ‘ದಿ ಥರ್ಡ್ ಮ್ಯಾನ್’ ಎಂಬ ಇಂಗ್ಲಿಷ್ ಚಲಚ್ಚಿತ್ರ. ಅದರ ಗುಟ್ಟು ನಡುದಾರಿಯಲ್ಲಿಯೇ ಬಯಲಾಗುತ್ತದೆ. ನಾನು ಅದನ್ನು ಮತ್ತೆ ಮತ್ತೆ ನೋಡಿರುವುದು ಗುಟ್ಟು ಬಯಲಾದ ನಂತರದ ಭಾಗಕ್ಕಾಗಿ. ಆದ್ದರಿಂದ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಹೇಳಿಬಿಡಲು ನನಗೆ ಸಂಕೋಚವಿಲ್ಲ. ವಾಚಕರಿಗೆ ಅದರಿಂದ ನಷ್ಟವೂ ಇಲ್ಲ.

ಕತ್ತಲೆಯನ್ನೇ ಬಣ್ಣವಾಗಿ ಬಳಸಿ ಮಹಾನಗರದ ಅಪರಾಧವನ್ನು ಚಿತ್ರಿಸುವ ಇಂಥ ಚಿತ್ರಗಳಿಗೆ ‘ಫಿಲ್ಮ್ ನ್ವಾರ್’, ಎಂದರೆ ಕಪ್ಪು ಚಿತ್ರ, ಎಂಬ ಹೆಸರುಂಟು. ಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಬಾರದಿದ್ದ ಅಮೆರಿಕದ ಚಿತ್ರಗಳು ಆಮೇಲೆ ಒಮ್ಮೆಗೇ ಪ್ಯಾರಿಸಿನ ತೆರೆಯ ಮೇಲೆ ಬಂದಾಗ, ೧೯೪೬ರಲ್ಲಿ ನಿನೋ ಫ್ರಾಂಕ್ ಎಂಬ ವಿಮರ್ಶಕರು ಅವುಗಳ ವಿಶಿಷ್ಟವಾದ ಕಪ್ಪನ್ನು ಗುರುತಿಸಿ ಈ ಮಾತನ್ನು ಬಳಸಿದರು. ಆ ಚಿತ್ರಗಳಲ್ಲಿ ಬಹುಪಾಲು ಲಾಸ್ ಏಂಜಲೀಸ್, ನ್ಯೂಯಾರ್ಕ್ ಮೊದಲಾದ ನಗರಗಳ ಕಥೆಗಳು. ನಿರ್ದೇಶಕ ಕ್ಯಾರಲ್ ರೀಡ್ ಅದೇ ಕತ್ತಲೆಯನ್ನು ಯೂರೋಪಿನ ಹಳೆಯ ರಾಜಧಾನಿಯಾದ ವಿಯೆನ್ನಾಕ್ಕೆ ತಂದರು. ಅಲ್ಲಿ ಕತ್ತಲೆಯನ್ನು ಕೃತಕವಾಗಿ ಸೃಷ್ಟಿಸಬೇಕಾದ ಅಗತ್ಯವೇ ಇರಲಿಲ್ಲ.

ವಿಯೆನ್ನಾ ಎಂದೊಡನೆ ಓದಿದವರ ಮನಸ್ಸಿಗೆ ಬರುವುದು ಮೊಜಾರ್ಟ್, ಬೀಥೊವನ್, ಷೂಬರ್ಟರ ಸಂಗೀತ. ೧೯೪೫ರಲ್ಲಿ ಯುದ್ಧ ಮುಗಿದಾಗ ಆ ನಗರದ ಬೀದಿಬೀದಿಯಲ್ಲಿ ಇಟ್ಟಿಗೆಯ ರಾಶಿ ಬಿದ್ದಿತ್ತು. ಗೆದ್ದ ನಾಲ್ಕು ರಾಷ್ಟ್ರಗಳಾದ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ರಷ್ಯಾಗಳು ಊರನ್ನು ನಾಲ್ಕು ಪಾಲು ಮಾಡಿಕೊಂಡವು. ನಡುಪಟ್ಟಣ ಮಾತ್ರ ನಾಲ್ವರಿಗೂ ಸೇರಿದ್ದು. ಅದರ ಅಧಿಕಾರ ತಿಂಗಳಿಗೊಬ್ಬರಂತೆ ಕೈಬದಲಾಗುತ್ತಿತ್ತು. ನಾಲ್ಕು ದೇಶಗಳ ನಾಲ್ವರು ಸಿಪಾಯಿಗಳು ಒಂದೇ ಜೀಪಿನಲ್ಲಿ ಕುಳಿತು ಗಸ್ತು ತಿರುಗುತ್ತಿದ್ದರು. ನಾಲ್ವರು ಯಜಮಾನರಿರುವ ಮನೆಯಲ್ಲಿ ಯಾರ ಮಾತೂ ನಡೆಯದು. ರೊಟ್ಟಿ, ಸಿಗರೇಟು, ಟೈರು, ಪರವಾನಗಿ ಪತ್ರ, ಔಷಧಿ, ಎಲ್ಲವೂ ಕಳ್ಳಸಂತೆಯಲ್ಲಿ ದೊರೆಯುತ್ತಿದ್ದವು. ೧೯೫೫ರಲ್ಲಿ ಆಸ್ಟ್ರಿಯಾ ಮತ್ತೆ ಸ್ವತಂತ್ರವಾಗುವವರೆಗೂ ಈ ಹಂಚಿಕೆಯ ಆಡಳಿತ ನಡೆಯಿತು.

ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಈ ಊರನ್ನು ಕುರಿತು ಒಂದು ಚಿತ್ರ ಬೇಕೆಂದು ಕಾದಂಬರಿಕಾರ ಗ್ರಹಾಂ ಗ್ರೀನರನ್ನು ೧೯೪೮ರ ಫೆಬ್ರವರಿಯಲ್ಲಿ ಅಲ್ಲಿಗೆ ಕಳುಹಿಸಿದರು. ಗ್ರೀನರಿಗೆ ಅಲ್ಲಿ ಎರಡು ಸಂಗತಿಗಳು ಕಿವಿಗೆ ಬಿದ್ದವು. ನೆಲದಡಿಯ ವಿಶಾಲವಾದ ಒಳಚರಂಡಿಗಳಲ್ಲಿ ಕಾವಲು ತಿರುಗುವ ಪೊಲೀಸರ ಒಂದು ಪಡೆಯೇ ಇದೆ ಎಂಬುದು ಒಂದು. ಪೆನಿಸಿಲಿನ್ ಔಷಧಿಯನ್ನು ಕದ್ದು ಕಳ್ಳಸಂತೆಯಲ್ಲಿ ಮಾರುವ ದಂಧೆ ಇನ್ನೊಂದು. ಗ್ರೀನರಿಗೆ ಚಿತ್ರಕಥೆಯನ್ನು ನೇರವಾಗಿ ಬರೆಯುವ ಅಭ್ಯಾಸವಿರಲಿಲ್ಲ. ಮೊದಲು ಒಂದು ನೀಳ್ಗತೆಯನ್ನು ಬರೆದು, ಅದರಿಂದ ಚಿತ್ರಕಥೆಯನ್ನು ಹಿಂಡಿ ತೆಗೆದರು. ಅದೇ ವರ್ಷದ ಚಳಿಗಾಲದ ಹೊಸ್ತಿಲಲ್ಲಿ ರೀಡ್ ತಮ್ಮ ತಂಡದೊಡನೆ ಆ ಅವಶೇಷಗಳ ನಡುವೆ ಚಿತ್ರೀಕರಣ ನಡೆಸಿದರು. ಆದ್ದರಿಂದ ಈ ಚಿತ್ರದಲ್ಲಿ ಕಾಣುವ ಮುರಿದ ಗೋಡೆಗಳು ರಂಗಸಜ್ಜಿಕೆಯಲ್ಲ, ನಿಜವಾಗಿ ಮುರಿದವು.

ಕಥೆಯ ನಾಯಕ ಹಾಲಿ ಮಾರ್ಟಿನ್ಸ್ ಒಬ್ಬ ಅಮೆರಿಕನ್ ಲೇಖಕ. ಕುದುರೆ, ಪಿಸ್ತೂಲುಗಳ ಅಗ್ಗದ ಸಾಹಸ ಕಾದಂಬರಿಗಳನ್ನು ಬರೆದು ಹೊಟ್ಟೆ ಹೊರೆಯುವವನು. ಕೆಲಸ ಕೊಡುತ್ತೇನೆಂದು ಕರೆದ ಬಾಲ್ಯಸ್ನೇಹಿತ ಹ್ಯಾರಿ ಲೈಮನನ್ನು ಕಾಣಲು ಬರಿಗೈಯಲ್ಲಿ ವಿಯೆನ್ನಾಕ್ಕೆ ಬರುತ್ತಾನೆ. ಬಂದವನಿಗೆ ದೊರೆಯುವುದು ಗೆಳೆಯನ ಶವಸಂಸ್ಕಾರ. ಮನೆಯ ಮುಂದೆಯೇ ವಾಹನ ಬಡಿದು ಹ್ಯಾರಿ ಸತ್ತನಂತೆ. ಆದರೆ ಬಡಿದ ವಾಹನದ ಚಾಲಕ ಅವನದೇ ಆಳು. ಆ ಹೊತ್ತಿಗೆ ಅಲ್ಲಿಗೆ ಬಂದ ವೈದ್ಯ ಅವನದೇ ವೈದ್ಯ. ದೇಹವನ್ನು ಹೊತ್ತ ಇಬ್ಬರೂ ಅವನ ಮಿತ್ರರು. ಸಾವಿನ ಸುತ್ತ ಇಷ್ಟೊಂದು ಪರಿಚಿತ ಮುಖಗಳೇ ನೆರೆದಿರುವುದು ಹೇಗೆ? ಕಟ್ಟಡದ ಕಾವಲುಗಾರನು ದೇಹವನ್ನು ಹೊತ್ತವರು ಇಬ್ಬರಲ್ಲ, ಮೂವರು ಎನ್ನುತ್ತಾನೆ. ಹೆಚ್ಚು ಹೇಳುವ ಮೊದಲೇ ಕೊಲೆಯಾಗುತ್ತಾನೆ. ಆ ಮೂರನೆಯವನು ಯಾರು?

ಈ ಹುಡುಕಾಟದ ನಡುವೆ ಒಂದು ಪ್ರಸಂಗ ಬರುತ್ತದೆ. ಸಾಹಿತ್ಯದ ಮೇಷ್ಟರುಗಳು ಅದನ್ನು ಮುಗುಳ್ನಗೆಯಿಲ್ಲದೆ ನೋಡಲಾರರು. ಮಾರ್ಟಿನ್ಸನನ್ನು ಯಾರೋ ಒಂದು ಟ್ಯಾಕ್ಸಿಯಲ್ಲಿ ಶರವೇಗದಿಂದ ಒಯ್ಯುತ್ತಾರೆ. ಕೊಲ್ಲಲು ಒಯ್ಯುತ್ತಿದ್ದಾರೆಂದೇ ಅವನೂ ನಾವೂ ನಡುಗುತ್ತೇವೆ. ಇಳಿದು ನೋಡಿದರೆ ಅದು ಸಾಹಿತ್ಯಗೋಷ್ಠಿ! ಆಧುನಿಕ ಕಾದಂಬರಿಯನ್ನು ಕುರಿತು ಅವನು ಉಪನ್ಯಾಸ ಕೊಡಬೇಕಾಗಿದೆ. ಜೇಮ್ಸ್ ಜಾಯ್ಸರಿಗೆ ಯಾವ ಸ್ಥಾನ ಕೊಡುವಿರಿ ಎಂದು ಸಭಿಕನೊಬ್ಬ ಕೇಳುತ್ತಾನೆ. ಕುದುರೆಸವಾರರ ಕಥೆ ಬರೆಯುವವನು ಏನೆಂದಾನು? ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಆದರೆ ಆ ಸಭೆಯಲ್ಲಿಯೇ ಅಪರಾಧಿಗಳಲ್ಲೊಬ್ಬನು ಎದ್ದು, ಈಗ ಏನು ಬರೆಯುತ್ತಿದ್ದೀರಿ ಎಂದು ನಯವಾಗಿ ಕೇಳಿದಾಗ, ಈ ಬಡ ಲೇಖಕನು ಹೆದರದೆ, ನಡೆದ ಸಂಗತಿಯನ್ನೇ ಆಧರಿಸಿದ ಒಂದು ಕೊಲೆಯ ಕಥೆ, ಅದರ ಹೆಸರು ‘ಮೂರನೆಯವನು’ ಎಂದು ಉತ್ತರಿಸುತ್ತಾನೆ. ಪಂಡಿತರು ಎದ್ದುಹೋದ ಸಭೆಯಲ್ಲಿ ನಿಜವಾದ ಸಾಹಿತ್ಯಚರ್ಚೆ ನಡೆದದ್ದು ಅವರಿಬ್ಬರ ನಡುವೆ ಎಂದು ನನಗೆ ಅನಿಸುತ್ತದೆ.

ಚಿತ್ರದ ಅರ್ಧಕ್ಕಿಂತ ಹೆಚ್ಚು ಕಾಲ ಹ್ಯಾರಿ ಲೈಮನು ಬರಿಯ ಹೆಸರು. ಎಲ್ಲರ ನಾಲಗೆಯ ಮೇಲೂ ಅವನಿದ್ದಾನೆ, ಕಣ್ಣಿಗೆ ಮಾತ್ರ ಇಲ್ಲ. ಒಂದು ರಾತ್ರಿ ಅವನ ಪ್ರೇಯಸಿ ಅನ್ನಾಳ ಮನೆಯಿಂದ ಹೊರಬಿದ್ದ ಮಾರ್ಟಿನ್ಸನು, ಎದುರು ಬೀದಿಯ ಬಾಗಿಲ ಸಂದಿಯಲ್ಲಿ ಯಾರೋ ನಿಂತಿರುವುದನ್ನು ಕಾಣುತ್ತಾನೆ. ಆ ಕತ್ತಲೆಯಲ್ಲಿ ಕಾಣುವುದು ಒಂದು ಜೊತೆ ಬೂಟು. ಬೂಟಿನ ಬಳಿ ಒಂದು ಬೆಕ್ಕು. ಹ್ಯಾರಿಯನ್ನು ಬಿಟ್ಟರೆ ಬೇರೆ ಯಾರನ್ನೂ ಆ ಬೆಕ್ಕು ಹಚ್ಚಿಕೊಳ್ಳುತ್ತಿರಲಿಲ್ಲ ಎಂದು ಅನ್ನಾ ಸ್ವಲ್ಪ ಮುಂಚೆ ಹೇಳಿದ್ದಾಳೆ. ಮಾರ್ಟಿನ್ಸನ ಕೂಗಾಟಕ್ಕೆ ಮೇಲಿನ ಮನೆಯವಳೊಬ್ಬಳು ಎಚ್ಚೆತ್ತು ದೀಪ ಹಾಕುತ್ತಾಳೆ. ಆ ಕಿಟಕಿಯ ಬೆಳಕು ಬಂದು ಬೀಳುವುದು ಸತ್ತನೆಂದು ಹೂತಿದ್ದ ಹ್ಯಾರಿಯ ಮುಖದ ಮೇಲೆ. ಅವನು ತುಂಟ ಹುಡುಗನಂತೆ ತುಟಿಯ ಕೊನೆಯಲ್ಲಿ ನಗುತ್ತಾನೆ. ಗೋರಿಯಲ್ಲಿರುವುದು ಪೊಲೀಸರಿಗೆ ಸುಳಿವು ಕೊಟ್ಟಿದ್ದ ಒಬ್ಬ ಆಸ್ಪತ್ರೆಯ ಆಳಿನ ಹೆಣ, ಮೂರನೆಯವನು ‘ಸತ್ತವನೇ’!

ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಈ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದರು. ನೀರು ಚೆಲ್ಲಿದ ಕಲ್ಲುಹಾಸಿನ ಮೇಲೆ ದೀಪದ ಹೊಳಪು, ಮನೆಯಷ್ಟೆತ್ತರ ಬೆಳೆದು ಗೋಡೆಯ ಮೇಲೆ ಓಡುವ ನೆರಳು, ಇವು ಅವರ ಕೈಚಳಕ. ಇನ್ನೂ ವಿಶಿಷ್ಟವಾದದ್ದು ದೃಶ್ಯಗಳ ಓರೆ. ಕ್ಯಾಮೆರಾ ಆಗಾಗ ವಾಲಿ ನಿಲ್ಲುತ್ತದೆ. ಬಾಗಿಲು, ಮೆಟ್ಟಿಲು, ಮನುಷ್ಯರೆಲ್ಲರೂ ಜಾರಿಬೀಳುವಂತೆ ಕಾಣುತ್ತಾರೆ. ಇದನ್ನು ಕಂಡು ಹಾಲಿವುಡ್ಡಿನ ನಿರ್ದೇಶಕ ವಿಲಿಯಂ ವೈಲರ್, ಗಾರೆಕೆಲಸದವರು ಮಟ್ಟ ನೋಡಲು ಬಳಸುವ ರಸಮಟ್ಟವೊಂದನ್ನು ರೀಡರಿಗೆ ತಮಾಷೆಗಾಗಿ ಕಳುಹಿಸಿಕೊಟ್ಟರಂತೆ. ಆದರೆ ಓರೆಯಾಗಿರುವುದು ಕ್ಯಾಮೆರಾ ಅಲ್ಲ, ಊರು. ನೆಟ್ಟಗೆ ನಿಲ್ಲಲು ನೆಲವೇ ಇಲ್ಲದ ಕಡೆ ನೇರವಾದ ಚೌಕಟ್ಟು ಸುಳ್ಳಾಗುತ್ತಿತ್ತು.

ಇನ್ನು ಹ್ಯಾರಿಯ ಅಪರಾಧ. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್, ಫ್ಲೋರಿ ಮತ್ತು ಚೇನ್ ಎಂಬ ವಿಜ್ಞಾನಿಗಳ ದುಡಿಮೆಯಿಂದ ಯುದ್ಧದ ಹೊತ್ತಿಗೆ ಔಷಧವಾಗಿ ಒದಗಿತ್ತು. ಮೂವರಿಗೂ ೧೯೪೫ರಲ್ಲಿ ನೊಬೆಲ್ ಬಹುಮಾನ ಬಂತು. ಚಿತ್ರದ ವಿಯೆನ್ನಾದಲ್ಲಿ ಅದು ಸೈನ್ಯದ ಆಸ್ಪತ್ರೆಗಳಲ್ಲಲ್ಲದೆ ಬೇರೆಲ್ಲೂ ಸಿಕ್ಕದು. ಹ್ಯಾರಿ ಅದನ್ನು ಕದಿಯಿಸಿ, ಕಲಬೆರಕೆ ಮಾಡಿ ಸತ್ತ್ವಗೆಡಿಸಿ, ಮಾರಿದ. ಹಾಗೆ ತೆಳುವಾದ ಔಷಧಿ ರೋಗವನ್ನು ಕೊಲ್ಲದು. ಮುಂದೆ ಶುದ್ಧವಾದದ್ದನ್ನು ಕೊಟ್ಟರೂ ಫಲಿಸದಂತೆ ಮಾಡಿಬಿಡುತ್ತದೆ. ಮಿದುಳಿನ ಪೊರೆಯ ಉರಿಯೂತದಿಂದ ನರಳುತ್ತಿದ್ದ ಮಕ್ಕಳಿಗೆ ಅದನ್ನು ಕೊಟ್ಟರು. ಕೆಲವು ಸತ್ತವು, ಕೆಲವು ಬುದ್ಧಿಭ್ರಮಣೆಗೊಂಡು ಬದುಕಿದವು. ಮೇಜರ್ ಕ್ಯಾಲವೇ ಎಂಬ ಇಂಗ್ಲಿಷ್ ಪೊಲೀಸ್ ಅಧಿಕಾರಿ ಒಮ್ಮೆ ಮಾರ್ಟಿನ್ಸನನ್ನು ಆ ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ರೀಡ್ ನಮಗೆ ಒಂದು ಮಗುವನ್ನೂ ತೋರಿಸುವುದಿಲ್ಲ. ಮಂಚಗಳ ಸಾಲು, ಬಗ್ಗಿ ನೋಡುವ ಮಾರ್ಟಿನ್ಸನ ಮುಖ, ದಾದಿಯೊಬ್ಬಳು ತಲೆಕೆಳಗಾಗಿ ಬಿಸಾಡುವ ಒಂದು ಗೊಂಬೆ ಕರಡಿ, ಇಷ್ಟೇ. ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನು ಹೇಳಿದ್ದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಈಚೆಗೆ ಈ ಗೊಂಬೆಯನ್ನೂ ಉದಾಹರಿಸುತ್ತೇನೆ. ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಹೆಚ್ಚಾಗಿ ಎದೆಯನ್ನು ಹಿಂಡುತ್ತದೆ.

ಚಿತ್ರದ ಹೃದಯ ಮಾತ್ರ ಪ್ರಾಟರ್ ಎಂಬ ಉದ್ಯಾನದ ದೊಡ್ಡ ರಾಟೆಯಲ್ಲಿದೆ. ನಮ್ಮ ಜಾತ್ರೆಗಳ ರಾಟವಾಳಕ್ಕೆ ಅದು ಅಜ್ಜನಾಗಬೇಕು. ೧೮೯೭ರಲ್ಲಿ ನಿಲ್ಲಿಸಿದ ಅದರ ಎತ್ತರ ಸುಮಾರು ೬೫ ಮೀಟರು. ಯುದ್ಧದಲ್ಲಿ ಸುಟ್ಟು, ೧೯೪೭ರಲ್ಲಿ ಮತ್ತೆ ತಿರುಗತೊಡಗಿತ್ತು. ಗೆಳೆಯರಿಬ್ಬರೂ ಅದರ ಒಂದು ಡಬ್ಬಿಯಲ್ಲಿ ಕುಳಿತು ಮೇಲಕ್ಕೇರುತ್ತಾರೆ. ನಿನ್ನಿಂದ ಬಲಿಯಾದವರಲ್ಲಿ ಒಬ್ಬರನ್ನಾದರೂ ಕಂಡಿದ್ದೀಯಾ ಎಂದು ಮಾರ್ಟಿನ್ಸನು ಕೇಳುತ್ತಾನೆ. ಹ್ಯಾರಿ ಬಾಗಿಲು ಸರಿಸಿ ಕೆಳಗೆ ತೋರಿಸುತ್ತಾನೆ. ಅಲ್ಲಿ ಓಡಾಡುವ ಜನ ಚುಕ್ಕೆಗಳಂತಿದ್ದಾರೆ. ಆ ಚುಕ್ಕೆಗಳಲ್ಲಿ ಒಂದು ಚಲಿಸುವುದನ್ನು ನಿಲ್ಲಿಸಿದರೆ ನಿನಗೆ ನಿಜವಾಗಿ ನೋವಾದೀತೆ, ನಿಂತ ಒಂದೊಂದು ಚುಕ್ಕೆಗೂ ೨೦,೦೦೦ ಪೌಂಡು ಕೊಡುತ್ತೇನೆಂದರೆ ಬೇಡವೆನ್ನುವೆಯಾ ಎಂಬುದು ಅವನ ಮರುಪ್ರಶ್ನೆ. ಸರ್ಕಾರಗಳೂ ಜನವನ್ನು ಹೀಗೆಯೇ ಲೆಕ್ಕ ಹಾಕುತ್ತವೆ, ನಾನೇಕೆ ಹಾಕಬಾರದು ಎಂಬುದು ಅವನ ವಾದ.

ಆ ಪಾತ್ರವನ್ನು ವಹಿಸಿದ ಆರ್ಸನ್ ವೆಲ್ಸ್ ತಾವೇ ಒಂದು ಮಾತನ್ನು ಈ ದೃಶ್ಯದ ಕೊನೆಗೆ ಸೇರಿಸಿದರು. ಬೋರ್ಜಿಯಾ ಮನೆತನದ ರಕ್ತಪಾತದ ನಡುವೆಯೇ ಇಟಲಿ ಮೈಕೆಲೆಂಜಲೊ, ಲಿಯೊನಾರ್ಡೊರನ್ನು ಕೊಟ್ಟಿತು. ೫೦೦ ವರ್ಷ ಶಾಂತಿಯಿಂದ ಬಾಳಿದ ಸ್ವಿಟ್ಜರ್‌ಲೆಂಡ್ ಕೊಟ್ಟದ್ದು ಕೋಗಿಲೆ ಕೂಗುವ ಗಡಿಯಾರವನ್ನು ಮಾತ್ರ ಎಂಬುದು ಅದರ ತಾತ್ಪರ್ಯ. ಪ್ರೇಕ್ಷಕರು ನಗುತ್ತಾರೆ, ತಲೆದೂಗುತ್ತಾರೆ. ಆ ಗಡಿಯಾರ ನಿಜವಾಗಿ ಜರ್ಮನಿಯ ‘ಕಪ್ಪು ಕಾಡಿನ’ ಸೀಮೆಯದು. ಸ್ವಿಸ್ ಜನರು ಅದನ್ನು ವೆಲ್ಸರಿಗೆ ತಿಳಿಸಿಯೂ ಇದ್ದರು. ಇಷ್ಟು ಸೊಗಸಾದ ಮಾತು ಸುಳ್ಳಿನ ಮೇಲೆ ನಿಂತಿದೆ ಎಂಬುದು ಆಕಸ್ಮಿಕವಾದರೂ ಸಾರ್ಥಕವಾದ ಆಕಸ್ಮಿಕ. ಅಲಂಕಾರ ಎಷ್ಟೇ ಚೆಲುವಾಗಿದ್ದರೂ ಅದರ ಅಡಿಯಲ್ಲಿ ಹೆಣವಿದೆಯೆ ಎಂದು ನೋಡುವುದನ್ನು ಓದುಗನು ಬಿಡಬಾರದು.

ಹ್ಯಾರಿಯನ್ನು ರಾಕ್ಷಸನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ರಾಟೆಯ ಮೇಲೆ ನಾವೆಲ್ಲರೂ ಆಗಾಗ ಕುಳಿತುಕೊಳ್ಳುತ್ತೇವೆ. ಪ್ರತಿವರ್ಷ ಮೌಲ್ಯಮಾಪನದ ದಿನಗಳಲ್ಲಿ ನನ್ನ ಮುಂದೆ ಬರುವ ಉತ್ತರಪತ್ರಿಕೆಗಳಿಗೆ ಮುಖವಿರುವುದಿಲ್ಲ, ಸಂಖ್ಯೆಯಿರುತ್ತದೆ. ಅದು ಇರಬೇಕಾದದ್ದೇ, ಮುಖ ಕಂಡರೆ ದಯೆ ದಾಕ್ಷಿಣ್ಯಗಳು ಅಡ್ಡಬಂದು ನ್ಯಾಯ ಕೆಡುತ್ತದೆ. ದೂರವೆಂಬುದು ತನ್ನಷ್ಟಕ್ಕೆ ಪಾಪವಲ್ಲ. ನ್ಯಾಯಾಧೀಶನಿಗೂ ವೈದ್ಯನಿಗೂ ಅಷ್ಟಿಷ್ಟು ದೂರ ಬೇಕು. ಆದರೆ ಸಂಜೆಯ ಹೊತ್ತಿಗೆ, ಅರುವತ್ತನೆಯ ಪತ್ರಿಕೆಯನ್ನು ಬಿಡಿಸುವಾಗ, ಈ ಸಂಖ್ಯೆಯ ಹಿಂದೆ ಒಬ್ಬ ಹುಡುಗಿಯೋ ಹುಡುಗನೋ ಉಸಿರು ಬಿಗಿಹಿಡಿದು ಕಾದಿದ್ದಾರೆಂಬುದನ್ನು ಬಲವಂತವಾಗಿ ನೆನೆದುಕೊಳ್ಳಬೇಕಾಗುತ್ತದೆ. ದೂರವನ್ನು ಅವರ ಹಿತಕ್ಕಾಗಿ ಇಟ್ಟುಕೊಂಡಿದ್ದೇವೆಯೋ ನಮ್ಮ ಸುಖಕ್ಕಾಗಿಯೋ ಎಂಬುದೊಂದೇ ಪ್ರಶ್ನೆ. ಹ್ಯಾರಿಯು ದೂರವನ್ನು ಲಾಭಕ್ಕೆ ಮಾರಿಕೊಂಡವನು.

ಸ್ನೇಹದ ವಿಷಯ ಇನ್ನೂ ಕಠಿನ. ಅನ್ನಾಳ ಗುರುತಿನ ಚೀಟಿ ನಕಲಿಯದು. ರಷ್ಯನರು ಅವಳನ್ನು ಒಯ್ಯಲು ಕಾದಿದ್ದಾರೆ. ಅವಳನ್ನು ಉಳಿಸಿದರೆ ಹ್ಯಾರಿಯನ್ನು ಹಿಡಿದುಕೊಡುತ್ತೇನೆಂದು ಮಾರ್ಟಿನ್ಸನು ಕ್ಯಾಲವೇಗೆ ಮಾತು ಕೊಡುತ್ತಾನೆ. ಅನ್ನಾಳಿಗೆ ಇದು ತಿಳಿದಾಗ ಅವಳು ಆ ಬಿಡುಗಡೆಯನ್ನೇ ಒಲ್ಲೆನೆನ್ನುತ್ತಾಳೆ. ಹ್ಯಾರಿಯ ಪಾಪವನ್ನು ಅವಳು ಅಲ್ಲಗಳೆಯುವುದಿಲ್ಲ. ನಮಗೆ ಹೊಸದಾಗಿ ಏನೋ ತಿಳಿದುಬಂದ ಮಾತ್ರಕ್ಕೆ ಮನುಷ್ಯ ಬದಲಾಗುವನೆ ಎಂಬುದು ಅವಳ ಭಾವ. ಕನ್ನಡ ಬಲ್ಲವರಿಗೆ ಇಲ್ಲಿ ಪಂಪನ ಕರ್ಣನ ನೆನಪು ಬಾರದಿರದು. ಕೃಷ್ಣನು ಹುಟ್ಟಿನ ಗುಟ್ಟನ್ನು ತಿಳಿಸಿ ರಾಜ್ಯವನ್ನೇ ನೀಡುತ್ತೇನೆಂದರೂ ಕರ್ಣನು ದುರ್ಯೋಧನನ ಕೈಬಿಡಲಿಲ್ಲ. ಗೆಳೆಯನ ತಪ್ಪು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ನಿಂತದ್ದರಿಂದಲೇ ಅವನು ದೊಡ್ಡವನೆಂದು ಸಾವಿರ ವರ್ಷದಿಂದ ನಾವು ಹೇಳಿಕೊಂಡು ಬಂದಿದ್ದೇವೆ. ಈ ಕಥೆಯಲ್ಲಿ ಕರ್ಣನ ಸಾಲಿನಲ್ಲಿ ನಿಲ್ಲುವವಳು ಅನ್ನಾ. ಆದರೆ ಗೊಂಬೆ ಕರಡಿಯನ್ನು ಕಂಡ ಮೇಲೆ ಆ ನಿಷ್ಠೆಯನ್ನು ಪೂಜಿಸಲು ನನ್ನ ಕೈ ಏಳದು. ದುರ್ಯೋಧನನ ಎದುರು ಆಯುಧ ಹಿಡಿದವರಿದ್ದರು. ಹ್ಯಾರಿಯ ಎದುರಿದ್ದವರು ಹಾಸಿಗೆಯಿಂದ ಏಳಲಾರದ ಕೂಸುಗಳು.

ಅನ್ನಾ ಕೂಗಿ ಎಚ್ಚರಿಸಿದಾಗ ಹ್ಯಾರಿ ಒಳಚರಂಡಿಗೆ ಇಳಿದು ಓಡುತ್ತಾನೆ. ಆಕಾಶದಲ್ಲಿ ಕುಳಿತು ಮನುಷ್ಯರನ್ನು ಚುಕ್ಕೆಗಳೆಂದವನು ಈಗ ಪೊಲೀಸರ ಬ್ಯಾಟರಿ ಬೆಳಕಿನಲ್ಲಿ ತಾನೇ ಒಂದು ಚುಕ್ಕೆಯಾಗಿದ್ದಾನೆ. ಸುರಂಗಗಳಲ್ಲಿ ಜರ್ಮನ್, ಇಂಗ್ಲಿಷ್ ಕೂಗುಗಳು ಪ್ರತಿಧ್ವನಿಸುತ್ತವೆ. ಯಾವ ಕಡೆಯಿಂದ ಎಂದು ತಿಳಿಯದು. ಪೇನ್ ಎಂಬ ಸಾಧುಸ್ವಭಾವದ ಸಾರ್ಜೆಂಟನನ್ನು, ಆ ಮಾರ್ಟಿನ್ಸನ ಕಾದಂಬರಿಗಳನ್ನು ಮೆಚ್ಚಿ ಓದುತ್ತಿದ್ದ ಒಬ್ಬನೇ ಓದುಗನನ್ನು, ಹ್ಯಾರಿ ಗುಂಡಿಕ್ಕಿ ಕೊಲ್ಲುತ್ತಾನೆ. ಗಾಯಗೊಂಡು ಕಬ್ಬಿಣದ ಮೆಟ್ಟಿಲೇರಿ ಬೀದಿಯ ಜಾಲರಿಯೊಳಗಿಂದ ಬೆರಳುಗಳನ್ನು ಹೊರಚಾಚುತ್ತಾನೆ. ಮೇಲೆ ನಿರ್ಜನವಾದ ಬೀದಿ, ಗಾಳಿ, ಹತ್ತು ಬೆರಳು. ಮುಚ್ಚಳ ಏಳದು. ಹಿಂದೆ ಬಂದ ಗೆಳೆಯನನ್ನು ನೋಡಿ ಹ್ಯಾರಿ ಸಣ್ಣಗೆ ತಲೆಯಾಡಿಸುತ್ತಾನೆ. ಗುಂಡಿನ ಸದ್ದು ನಮಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ಅದು ದಂಡನೆಯೋ ದಯೆಯೋ ಹೇಳುವುದು ಕಷ್ಟ.

ಇಷ್ಟೆಲ್ಲ ಘೋರದ ನಡುವೆ ಕೇಳಿಬರುವ ಸಂಗೀತ ಒಂದೇ ವಾದ್ಯದ್ದು: ಝಿತರ್. ನಮ್ಮ ಸ್ವರಮಂಡಲವನ್ನು ಹೋಲುವ, ಮೇಜಿನ ಮೇಲಿಟ್ಟು ಮೀಟುವ ತಂತಿವಾದ್ಯ ಅದು. ವಿಯೆನ್ನಾದ ದ್ರಾಕ್ಷಾರಸದ ಅಂಗಡಿಯಲ್ಲಿ ಅದನ್ನು ನುಡಿಸಿ ಜೀವಿಸುತ್ತಿದ್ದ ಆಂಟನ್ ಕರಾಸರನ್ನು ರೀಡ್ ಕಂಡುಕೊಂಡು ಇಡೀ ಚಿತ್ರದ ಸಂಗೀತವನ್ನು ವಹಿಸಿದರು. ೧೯೫೦ರಲ್ಲಿ ಆ ರಾಗ ದೇಶದೇಶಗಳಲ್ಲಿ ಮನೆಮಾತಾಯಿತು. ಕೊಲೆಯ ಕಥೆಗೆ ಈ ಲಘುವಾದ, ಕೊಂಚ ಕುಣಿತದ ನಾದ ಸಲ್ಲುವುದೆ? ಔಚಿತ್ಯವನ್ನೇ ಕಾವ್ಯದ ಜೀವವೆಂದ ಕ್ಷೇಮೇಂದ್ರನು ಮೊದಲು ಹುಬ್ಬು ಗಂಟಿಕ್ಕುತ್ತಿದ್ದನೇನೋ. ಆಮೇಲೆ ಒಪ್ಪುತ್ತಿದ್ದನೆಂದು ನನ್ನ ಊಹೆ. ಆ ಸಂಗೀತ ಹ್ಯಾರಿಯ ನಗೆಯಂತೆಯೇ ಇದೆ; ನಮ್ಮನ್ನೂ ಮರುಳುಗೊಳಿಸುತ್ತದೆ. ಅಪರಾಧಕ್ಕೆ ಮೋಹಕತೆಯಿಲ್ಲದಿದ್ದರೆ ಅದನ್ನು ತ್ಯಜಿಸುವುದರಲ್ಲಿ ಕಷ್ಟವೇನು?

ಕೊನೆಯ ದೃಶ್ಯದ ವಿಷಯದಲ್ಲಿ ಲೇಖಕನಿಗೂ ನಿರ್ದೇಶಕನಿಗೂ ಭಿನ್ನಾಭಿಪ್ರಾಯವಾಯಿತು. ಗ್ರೀನರ ಕಥೆಯಲ್ಲಿ, ಎರಡನೆಯ ಸಲ, ಈ ಬಾರಿ ನಿಜವಾಗಿ, ಹ್ಯಾರಿಯನ್ನು ಹೂತಮೇಲೆ ಅನ್ನಾ ಮಾರ್ಟಿನ್ಸನ ತೋಳು ಹಿಡಿದು ನಡೆಯುತ್ತಾಳೆ. ರಂಜನೆಗಾಗಿ ಹುಟ್ಟಿದ ಇಂಥ ಕಥೆ ದುಃಖಾಂತದ ಭಾರವನ್ನು ತಾಳಲಾರದೆಂದು ಗ್ರೀನರ ಎಣಿಕೆ. ರೀಡ್ ಒಪ್ಪಲಿಲ್ಲ. ಚಿತ್ರದಲ್ಲಿ ಸ್ಮಶಾನದ ನೇರವಾದ ಉದ್ದನೆಯ ದಾರಿ. ಎರಡು ಬದಿಗೂ ಬೋಳಾದ ಮರಗಳು. ಒಂದೊಂದಾಗಿ ಉದುರುವ ಎಲೆ. ಮಾರ್ಟಿನ್ಸನು ಪಕ್ಕದಲ್ಲಿ ನಿಂತು ಕಾಯುತ್ತಾನೆ. ದೂರದಲ್ಲಿ ಅನ್ನಾ ಕಾಣಿಸಿಕೊಳ್ಳುತ್ತಾಳೆ. ಬರುತ್ತಾಳೆ, ಬರುತ್ತಾಳೆ, ಅವನ ಕಡೆ ಕಣ್ಣೆತ್ತಿಯೂ ನೋಡದೆ ಮುಂದೆ ಹೋಗಿಬಿಡುತ್ತಾಳೆ. ಅವನು ಒಂದು ಸಿಗರೇಟು ಹಚ್ಚುತ್ತಾನೆ. ಅಷ್ಟೆ. ಮುಂದೆ ಗ್ರೀನರೇ ರೀಡ್ ಹೇಳಿದ್ದು ಸರಿಯೆಂದು ಬರೆದರು. ಸ್ವಂತ ಕೃತಿಯ ಮೇಲೆ ಇನ್ನೊಬ್ಬನ ಗೆಲುವನ್ನು ಒಪ್ಪುವುದು ದೊಡ್ಡ ಲೇಖಕನ ಲಕ್ಷಣ.

ಈ ಚಿತ್ರವನ್ನು ಒಮ್ಮೆ ನನ್ನ ವಿದ್ಯಾರ್ಥಿಗಳೊಡನೆ ನೋಡಿದಾಗ, ಅವಳು ಒಂದು ಕ್ಷಣವಾದರೂ ನಿಲ್ಲಬಾರದಾಗಿತ್ತೆ ಎಂದು ಹುಡುಗನೊಬ್ಬ ನೊಂದು ಕೇಳಿದ. ಅವನು ಮಾಡಿದ್ದು ನ್ಯಾಯವಲ್ಲವೆ? ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅಳುವವರು ತೀರ್ಪು ಕೇಳಿ ಅಳುವುದಿಲ್ಲ ಎಂದಳು. ಇಬ್ಬರಿಗೂ ನಾನು ಏನನ್ನೂ ಹೇಳಲಿಲ್ಲ; ಇಬ್ಬರೂ ಸರಿಯಾಗಿದ್ದರು.

ಕಾನ್ ಉತ್ಸವದ ಶ್ರೇಷ್ಠ ಪ್ರಶಸ್ತಿ ೧೯೪೯ರಲ್ಲಿಯೇ ಈ ಚಿತ್ರಕ್ಕೆ ಸಂದಿತು. ಅರ್ಧ ಶತಮಾನದ ಮೇಲೆ, ೧೯೯೯ರಲ್ಲಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಿದ ಮತಗಣನೆಯಲ್ಲಿ ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಚಿತ್ರಗಳ ಸಾಲಿನಲ್ಲಿ ಮೊದಲನೆಯದೆನಿಸಿತು. ಆದರೆ ಅದರ ಹಿರಿಮೆ ಪ್ರಶಸ್ತಿಯಲ್ಲಿಲ್ಲ. ಸಾಮಾನ್ಯವಾಗಿ ಅಪರಾಧದ ಕಥೆಯಲ್ಲಿ ಕಳ್ಳನು ಸಿಕ್ಕೊಡನೆ ಲೋಕದ ಲೆಕ್ಕ ಸರಿಹೋಗುತ್ತದೆ; ಓದುಗನು ದೀಪ ಆರಿಸಿ ನೆಮ್ಮದಿಯಿಂದ ಮಲಗುತ್ತಾನೆ. ಇಲ್ಲಿ ನ್ಯಾಯ ಗೆದ್ದಿದೆ, ಗೆಲ್ಲಿಸಿದವನ ಕೈ ಬರಿದಾಗಿದೆ. ಮಾಡಲೇಬೇಕಾದ ಕೆಲಸವನ್ನು ಮಾಡಿದವನಿಗೆ ಬಹುಮಾನವಾಗಿ ಪ್ರೀತಿ ದೊರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮಕ್ಕಳ ಮುಖವನ್ನು ಹತ್ತಿರದಿಂದ ಕಂಡವನು ಬೇರೇನನ್ನೂ ಮಾಡಲಾರ. ಹ್ಯಾರಿಯ ಮುಖವನ್ನು ಹತ್ತಿರದಿಂದ ಕಂಡವಳು ಅದನ್ನು ಕ್ಷಮಿಸಲಾರಳು. ಎತ್ತರದಲ್ಲಿ ಕುಳಿತಿರುವವರೆಗೆ ಯಾವ ಸಂಕಟವೂ ಇಲ್ಲ. ಕೆಳಗಿಳಿದು, ಚುಕ್ಕೆಗಳಿಗೆ ಕಣ್ಣು ಮೂಗು ಮೂಡುವಷ್ಟು ಹತ್ತಿರ ಬಂದಾಗ ಸಂಕಟ ಮೊದಲಾಗುತ್ತದೆ. ಆದರೂ ನಡೆಯುವುದಕ್ಕೆ ದಾರಿ ಇರುವುದು ನೆಲದ ಮೇಲೆಯೇ.